ಖಾಲಿ ಏಟಿನ ಗೆಜ್ಜೆ

ದಿನಾ ಬೆಳಿಗ್ಗೆ ತಗಡು ಇಡುವ ಮುನ್ನ ಹೊಳೆವ್ವ ವಾಷರ್ ಕತ್ತರಿಸುವ ತನ್ನ ಪ್ರೆಸ್ಸಿಗೆ ಒಂದು ಖಾಲಿ ಏಟು ಹಾಕಿಸುತ್ತಾಳೆ. ಆ ಏಟು ದೇವರದು. ಬೇರೆ ಯಂತ್ರಗಳು ಏಳುವ ಮೊದಲು, ಕಣ್ಣು ಮುಚ್ಚಿ, ಸದ್ದು ಪೂರ್ತಿ ಕರಗುವವರೆಗೆ ಕೇಳುತ್ತಾಳೆ. ಬಾಗಲಕೋಟೆ ಕಡೆಯಿಂದ ಬಂದು ಪೀಣ್ಯದ ಈ ಶೆಡ್ಡು ಸೇರಿ ಹದಿನೆಂಟು ವರ್ಷ. ಒಂದು ದಿನವೂ ತಪ್ಪಿಸಿಲ್ಲ.

ಎರಡು ವರ್ಷದ ಹಿಂದೆ ಪಕ್ಕದ ಪ್ರೆಸ್ಸು, ಪೆಡಲು ಒತ್ತದೆಯೇ ಮತ್ತೊಮ್ಮೆ ಇಳಿದು, ಅದರ ಮುಂದೆ ಕೂತಿದ್ದ ಶೈಲಾಳ ಎರಡು ಬೆರಳು ತೆಗೆದುಕೊಂಡಿತು. ಒಳಗಿನ ಸ್ಪ್ರಿಂಗು ಸೋತಿತ್ತು. ಅಂದಿನಿಂದ ಆ ಎರಡನೇ ಏಟಿನ ಸದ್ದು ಹೊಳೆವ್ವನ ನಿದ್ದೆಗೂ ಬರತೊಡಗಿತು. ಒಂದು ನಸುಕಿನ ಕನಸಿನಲ್ಲಿ ಪ್ರೆಸ್ಸು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹೊಳೆದಂಡೆಯಲ್ಲಿ ನಡೆಯುತ್ತಿತ್ತು. ಹೆಜ್ಜೆ ಕುಂಟಿದಾಗ ಗೆಜ್ಜೆ ಎರಡು ಸಲ ನುಡಿಯುತ್ತಿತ್ತು. ಎದ್ದವಳೇ ಮಗಳ ಹಳೇ ಗೆಜ್ಜೆಯ ಒಂದು ಗುಂಡು ಬಿಡಿಸಿ ತಂದು ತನ್ನ ಪ್ರೆಸ್ಸಿನ ಸ್ಪ್ರಿಂಗಿನ ಕೊಂಡಿಗೆ ಕಟ್ಟಿದಳು. ಸ್ಪ್ರಿಂಗು ಗಟ್ಟಿಯಿದ್ದರೆ ಒಂದೇ ಘಲ್. ಸಡಿಲಾದರೆ ಘಲ್ ಘಲ್. ಖಾಲಿ ಏಟಿಗೇ ಗೊತ್ತಾಗುತ್ತದೆ.

"ಪ್ರೆಸ್ಸಿಗೆ ಸೀಮಂತಾನೂ ಮಾಡ್ಬಿಡು ಹೊಳೆವ್ವಕ್ಕ!" ಎಂದು ನಕ್ಕ ಅಕ್ಕಪಕ್ಕದವರೇ ಆಮೇಲೆ ಬಂದು ಕಟ್ಟಿಸಿಕೊಂಡು ಹೋದರು.

ದೊಡ್ಡ ಕಾರ್ಖಾನೆಗಳು ಮಾತ್ರ ಗೆಜ್ಜೆ ಕಟ್ಟಿಸಿಕೊಳ್ಳಲು ಸರ್ಕಾರಿ ಪರೀಕ್ಷೆಯ ಮುದ್ರೆ ಕೇಳಿದವು. ಪರೀಕ್ಷೆಯ ಖರ್ಚಿಗೆ ಸರ್ಕಾರದ ಆವಿಷ್ಕಾರ ನಿಧಿಯಿತ್ತು. ಆದರೆ ಅರ್ಜಿ ಹಾಕುವವರು ಕಂಪನಿಯಾಗಿರಬೇಕು, ಇಲ್ಲವೇ ಎಂಜಿನಿಯರ್. ಹೊಳೆವ್ವ ಓದಿದ್ದು ನಾಲ್ಕನೇ ಇಯತ್ತೆ.

ಈ ನಿಯಮ ತಿದ್ದುವ ಬಗ್ಗೆ ಅಭಿಪ್ರಾಯ ಕೇಳುತ್ತಾ ಬಂದ ನಿಧಿಯ ಅಧಿಕಾರಿ ಶ್ಯಾಮಲಾ ಮೇಡಂ ಆ ಗೆಜ್ಜೆಯನ್ನು ಮೂರು ಸಲ ಕೇಳಿಸಿಕೊಂಡರು.

"ನಿಮ್ಮ ಹೆಸರಲ್ಲೇ ಅರ್ಜಿ ಹಾಕಿ ಅಮ್ಮ. ವಾಪಸ್ ಬರುತ್ತೆ. ಆ ಕಾಗದಾನೇ ಸಮಿತಿ ಮುಂದೆ ಇಡ್ತೀನಿ. ಕೆಲಸಗಾರರ ಅರ್ಜಿ ಒಂದೂ ಬಂದಿಲ್ಲ, ನಿಯಮ ಯಾಕೆ ತಿದ್ದಬೇಕು ಅಂತಾರೆ ಅವರು."

"ತಿದ್ದತಾರೇನ್ರಿ?"

"ಗೊತ್ತಿಲ್ಲಮ್ಮ."

ಶನಿವಾರ ಟೀ ಹೊತ್ತಿಗೆ ಶೆಡ್ಡಿನ ಮಾಲೀಕ ಶೇಖರಪ್ಪ ಹತ್ತಿರ ಬಂದರು. "ವಾಪಸ್ ಬರೋ ಅರ್ಜಿ ಯಾಕಮ್ಮ ಹಾಕ್ತೀಯ? ನನ್ ಮಗಳು ದೀಪಶ್ರೀ ಎಂಜಿನಿಯರ್ ಅಲ್ವಾ, ಅವಳ ಹೆಸರಲ್ಲಿ ಹಾಕ್ಬಿಡ್ತೀನಿ. ತಿಂಗಳಲ್ಲಿ ಪಾಸಾಗುತ್ತೆ. ಬಂದಿದ್ದೆಲ್ಲ ನಿಂಗೇ, ಮಂಜುನಾಥನಾಣೆ."

ಅವರ ಮಾತಿನಲ್ಲಿ ಮೋಸವಿರಲಿಲ್ಲ. ಆಚೆ ಶೈಲಾ ಮೂರೇ ಬೆರಳಿನ ಕೈಯಲ್ಲಿ ವಾಷರ್ ಆರಿಸುತ್ತಿದ್ದಳು. ಹೊಳೆವ್ವ ಟೀ ಲೋಟ ಕೆಳಗಿಟ್ಟಳು.

"ಬ್ಯಾಡ್ರಿ ಸಾವ್ಕಾರ್ರ. ನಿಮ್ಮ ಮಗಳ ಹೆಸರ್ಲೆ ಪಾಸಾದ್ರ, ಈಗಿನ ಕಾಯ್ದೇನ ಸರಿ ಐತಿ ಅಂದಂಗ ಆಗತೈತಿ. ನನ್ನ ಹೆಸರ್ಲೆ ಹೋಗ್ಲಿ. ವಾಪಸ್ ಬರ್ಲಿ."