ತರೀಕೆರೆ ಕೋರ್ಟಿನಲ್ಲಿ ಮೊದಲು ಆಡಿದ ಮಾತು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಜ್ಜಂಪುರದಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದೆ. ಕಡೂರಿನ ಸಂತೆಯಲ್ಲಿ ಜಗಳವಾಗಿ ಒಬ್ಬ ದಲ್ಲಾಳಿಯ ಕೈ ಮುರಿಯಿತು. ಬಿಡಿಸಲು ಹೋದವನು ನಾನು. ಮುರಿದವನೂ ನಾನೇ ಎಂದು ಕೇಸು ಬಿತ್ತು. ಸಾಬೀತಾದರೆ ಜೈಲು.

ಗಲಾಟೆ ಆದದ್ದು ಕಡೂರಿನಲ್ಲಿ, ಕೇಸು ಬಂದದ್ದು ತರೀಕೆರೆ ಕೋರ್ಟಿಗೆ. ದಲ್ಲಾಳಿ ನಮ್ಮ ತರೀಕೆರೆ ಸೀಮೆಯವನು. ತನಗೆ ಕುರ್ಚಿ ಹಾಕುವ ಠಾಣೆ ನೋಡಿಯೇ ದೂರು ಬರೆಸಿದ್ದಾನೆ ಎಂದು ನನಗೆ ಅನುಮಾನ. ಯಾರನ್ನು ಕೇಳಬೇಕೋ ಗೊತ್ತಿರಲಿಲ್ಲ.

ಕೋರ್ಟಿನ ಜಗಲಿಯಲ್ಲಿ ಒಬ್ಬ ವಕೀಲ ಹತ್ತಿರ ಬಂದ. "ನಿನ್ ಕೇಸು ನನಗೆ ವಹಿಸಿದಾರೆ. ನೀನೇನೂ ದುಡ್ಡು ಕೊಡಂಗಿಲ್ಲ."

"ಮತ್ತೆ ನಿಮ್ಗೆ ಯಾರು ಕೊಡ್ತಾರೆ?"

"ಸರ್ಕಾರ."

"ನನ್ನ ಹಿಡಿದಿದ್ದೂ ಸರ್ಕಾರನೇ ಅಲ್ವಾ ಸ್ವಾಮಿ?"

ಅವನು ನಕ್ಕ. ಏನು ನಡೆಯಿತು ಎಂದು ಕೇಳಿದ. ಜಗಳ ಕಡೂರಿನಲ್ಲಾಯಿತು ಎಂದಷ್ಟೇ ಹೇಳಿದೆ. ಉಳಿದದ್ದು ಹೇಳಿದರೆ ದಲ್ಲಾಳಿಯ ಕಿವಿಗೆ ಬೀಳುತ್ತದೆ ಅನ್ನಿಸಿತು.

ನಾನು ನಂಬಿದ್ದು ಜೊತೆಗೆ ಬಂದಿದ್ದ ದೊಡ್ಡಪ್ಪನನ್ನು. "ಲೇ, ಮೊದ್ಲು ಕೈಮುಗ್ದು ತಪ್ಪಾಯ್ತು ಸ್ವಾಮಿ ಅನ್ನು. ಆಮೇಲೆ ನಿಂದು ಹೇಳ್ಕ" ಎಂದ. ನಮ್ಮೂರ ಪಂಚಾಯ್ತಿಯಲ್ಲಿ ಹಾಗೇ. ತಪ್ಪು ಮಾಡಿರಲಿ ಬಿಟ್ಟಿರಲಿ, ಹಿರಿಯರನ್ನು ನ್ಯಾಯಕ್ಕೆ ಕೂರಿಸಿದ್ದಕ್ಕೆ ಅಷ್ಟು ಅನ್ನಲೇಬೇಕು. ಅನ್ನದವನ ಮಾತು ಯಾರೂ ಕೇಳುವುದಿಲ್ಲ.

ಮ್ಯಾಜಿಸ್ಟ್ರೇಟರು ಆರೋಪ ಓದಿ, "ಒಪ್ತೀಯಾ?" ಎಂದರು.

"ತಪ್ಪಾಯ್ತು ಸ್ವಾಮಿ."

ಅವರು ಪೆನ್ನು ಎತ್ತಿಕೊಂಡರು. ವಕೀಲ ದಡಕ್ಕನೆ ಎದ್ದ. "ಸ್ವಾಮಿ, ಏನು ತಪ್ಪು ಅಂತ ಅವನನ್ನೇ ಕೇಳ್ಬೇಕು."

"ಏನು ಮಾಡಿದೆಯಪ್ಪಾ?"

"ಏನೂ ಮಾಡಿಲ್ಲ ಸ್ವಾಮಿ. ಬಿಡ್ಸಕ್ಕೆ ಹೋಗಿದ್ದೆ."

"ಮತ್ತೆ ತಪ್ಪಾಯ್ತು ಅಂದ್ಯಲ್ಲ?"

"ಅದು ನಿಮ್ಮನ್ನ ಕೂರ್ಸಿದ್ದಕ್ಕೆ."

ಎಲ್ಲರೂ ನಕ್ಕರು. "ನಾನು ಸಂಬಳಕ್ಕೆ ಕೂತಿದೀನಿ ಕಣಯ್ಯಾ" ಎಂದ ಮ್ಯಾಜಿಸ್ಟ್ರೇಟರು, ಆರೋಪಿ ತಪ್ಪು ಒಪ್ಪಲಿಲ್ಲ ಎಂದೇ ಬರೆದುಕೊಂಡರು.

ಆಮೇಲೆ ವಕೀಲ, ಗಲಾಟೆ ಆದ ಜಾಗ ಕಡೂರಿನ ಸರಹದ್ದು, ಇದನ್ನು ವಿಚಾರಿಸುವ ಅಧಿಕಾರ ಈ ಕೋರ್ಟಿಗಿಲ್ಲ ಎಂದ. ಮ್ಯಾಜಿಸ್ಟ್ರೇಟರು ಕಾಗದ ತಿರುವಿ ನೋಡಿ, ಕೇಸು ಕಡೂರಿಗೆ ಹೋಗಲಿ ಎಂದು ಆದೇಶ ಮಾಡಿದರು.

ಹೊರಗೆ ಬಂದು ವಕೀಲನನ್ನು ತಡೆದೆ. "ನನ್ನ ಬಿಡ್ಸೋದು ಬಿಟ್ಟು ಕಡೂರಿಗೆ ಸಾಗಿಸ್ಬಿಟ್ರಲ್ಲ. ಅಲ್ಲೂ ಅವನ ಕಡೆಯೋರಿದ್ರೆ?"

"ಇರ್ಬೋದು. ಜಗಳ ನೋಡಿದೋರೂ ಅಲ್ಲೇ ಇರ್ತಾರಲ್ಲ. ನಿನ್ ಪರ ಸಾಕ್ಷಿ ಹೇಳಕ್ಕೆ ತರೀಕೆರೆಗೆ ಯಾರ್ ಬತ್ತಿದ್ರು?"

ಅದು ನಿಜ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸು ಎಲ್ಲವನ್ನೂ ನೋಡಿದ್ದಳು. ಬಸ್ಸು ಹತ್ತಿ ಇಷ್ಟು ದೂರ ಬರುವವಳಲ್ಲ. ಕೋರ್ಟಿಗೆ ಬಂದಿದ್ದ ದಲ್ಲಾಳಿ ಗೇಟು ದಾಟುವವರೆಗೂ ಕಾದೆ. ಆಮೇಲೆ ಅವಳ ವಿಷಯ ಹೇಳಿದೆ.

ವಕೀಲ ಜೇಬಿನಿಂದ ಪೆನ್ನು ತೆಗೆದ.

"ಬರ್ಕಬೇಡಿ ಸ್ವಾಮಿ," ಎಂದೆ. "ಮನಸ್ನಾಗೇ ಇಟ್ಕಳಿ."