ಫೋಟೋದಲ್ಲಿ ಕಪ್ಪಾದ ಅರಿಷಿಣ

ಅವ್ವ ತೀರಿಕೊಂಡು ಇಪ್ಪತ್ತೆರಡು ದಿನವಾಯಿತು. ಹೆಬ್ಬಳ್ಳಿಯ ಮನೆಗೆ ಮಾತಾಡಿಸಲು ಬಂದವರೆಲ್ಲ ಅವಳ ಕೈಗುಣವನ್ನೇ ನೆನೆದರು. ಆ ಕೈ ಕಾಗದದ ಮೇಲೆ ಏನಾಯಿತೆಂಬುದನ್ನು ನಾನು ಯಾರಿಗೂ ಹೇಳಿಲ್ಲ.

ನಮ್ಮವ್ವ ಸೂಲಗಿತ್ತಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ನಾನು ಧಾರವಾಡದಲ್ಲಿ ಹೆರಿಗೆ ಕೆಲಸ ಕಲಿಸುವ ಸಾಲೆಗೆ ಸೇರಿದೆ. ಅದನ್ನು ನಡೆಸುತ್ತಿದ್ದದ್ದು ಪರದೇಶದ ಒಂದು ಸಂಘ. ಆಫ್ರಿಕಾ, ಚೀನಾ ಎಂದು ಎಷ್ಟೋ ದೇಶಗಳಲ್ಲಿ ಅದರ ದವಾಖಾನೆಗಳಿದ್ದವು. ನಮ್ಮ ಸಾಲೆಯ ಪಕ್ಕದ ಎರಡು ಕೋಣೆಗಳಲ್ಲಿ ಸಂಶೋಧನೆಯ ವಿಭಾಗವೂ ಇತ್ತು. ಬಾಣಂತಿಯರು ಯಾಕೆ ಸಾಯುತ್ತಾರೆ, ಹಳ್ಳಿಗಳಲ್ಲಿ ಹೆರಿಗೆ ಹೇಗೆ ಮಾಡಿಸುತ್ತಾರೆ ಎಂದು ಅಲ್ಲಿ ಬರೆದಿಡುತ್ತಿದ್ದರು. ಎರಡಕ್ಕೂ ಒಬ್ಬರೇ ಮುಖ್ಯಸ್ಥರು, ಸಂಘ ಕಳಿಸಿದ ಪರದೇಶದ ಹೆಂಗಸು ಡಾಕ್ಟರು. ನಾವು ಅವರನ್ನು ಬಾಯಾರು ಎನ್ನುತ್ತಿದ್ದೆವು. ವರ್ಷಕ್ಕೊಮ್ಮೆ ಅವರು ಸಂಘಕ್ಕೆ ವರದಿ ಕಳಿಸಬೇಕು. ಅದು ಅಲ್ಲಿಯವರ ಮನಸ್ಸಿಗೆ ಬಂದರೆ ಸಾಲೆ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ.

ಹೊಟ್ಟೆಯಲ್ಲಿ ಅಡ್ಡಾದ ಕೂಸನ್ನು ಮೇಲಿನಿಂದಲೇ ತಿರುಗಿಸುವುದು ಅವ್ವನಿಗೆ ಗೊತ್ತಿತ್ತು. ಅದನ್ನು ಬಾಯಾರಿಗೆ ಹೇಳಿದವಳು ನಾನೇ. ಅವ್ವನನ್ನು ಕರೆಸಿದರು. ಆ ಮಳೆಗಾಲವೆಲ್ಲ ಅವಳು ಸಂತೆಗೆ ಬರುವ ಚಕ್ಕಡಿಯಲ್ಲಿ ಬಂದು ನಮಗೆ ಕಲಿಸಿ ಹೋದಳು.

"ಏ, ರೊಟ್ಟಿ ಬಡ್ಯಾಕತ್ತಿ ಏನ? ಒಳಗ ಜೀವಾ ಐತಿ! ಕೈ ಮೆತ್ತಗ ಇಡು, ಎತ್ತಾಗ ಹೊಳ್ಳಬೇಕಂತ ಅದ ಹೇಳತೈತಿ."

ಹುಡುಗಿಯರು ನಗುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಅವ್ವ ಹೇಳಿದ್ದನ್ನೆಲ್ಲ ಬಾಯಾರಿಗಾಗಿ ಬರೆದುಕೊಳ್ಳುತ್ತಿದ್ದೆ.

ಪಾಸಾದವರಿಗೆ ಸಾಲೆಯಿಂದ ಒಂದು ಹಿತ್ತಾಳೆ ಬಿಲ್ಲೆ ಸಿಗುತ್ತಿತ್ತು, ಸೆರಗಿಗೆ ಚುಚ್ಚಿಕೊಳ್ಳಲು. ಅವ್ವನ ಕಣ್ಣು ಅದರ ಮೇಲೆ. ಕಡೆಗೆ ಒಂದು ದಿನ ಕೇಳಿಯೇಬಿಟ್ಟಳು.

"ಬಾಯಾರ, ಕಲತವರಿಗೆ ಬಿಲ್ಲಿ ಕೊಡ್ತೀರಿ. ಕಲಿಸಿದಾಕಿಗೆ ಇಲ್ಲೇನ್ರಿ?"

ಬಾಯಾರು ನಕ್ಕು, ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು: "ಖಂಡಿತ ಕೊಡೋಣ ಅಮ್ಮಾ. ಈ ಸಲದ ವರದಿಯಲ್ಲಿ ನಿಮ್ಮ ಫೋಟೋ ಹಾಕಿ ಸಂಘಕ್ಕೆ ಬರೆಯುತ್ತೇನೆ."

ಫೋಟೋ ತೆಗೆಯುವ ದಿನ ಅವ್ವ ಇಳಕಲ್ ಸೀರೆ ತಂದಿದ್ದಳು. ನಿತ್ಯದ ಸೀರೆಯೇ ಇರಲಿ, ನೆಲದ ಮೇಲೆ ಕುಳಿತುಕೊಳ್ಳಿ ಎಂದರು ಬಾಯಾರು. ಕೆಲಸಕ್ಕೆ ಕೂಡುವ ಮೊದಲು ಬಿಸಿನೀರಲ್ಲಿ ಕೈ ತೊಳೆದು, ಔಡಲೆಣ್ಣೆಯಲ್ಲಿ ಕಲಸಿದ ಅರಿಷಿಣವನ್ನು ಮೊಣಕೈತನಕ ಹಚ್ಚಿಕೊಳ್ಳುವುದು ಅವ್ವನ ಪದ್ಧತಿ. ಅವತ್ತೂ ಹಾಗೆಯೇ ಹಚ್ಚಿಕೊಂಡು, ಎರಡೂ ಕೈ ಮುಂದೆ ಚಾಚಿ ಕೂತಳು. ಬಿಸಿಲಿಗೆ ಆ ಕೈಗಳು ಬಂಗಾರದ ಹಾಗೆ ಹೊಳೆದವು. ಬಾಯಾರೂ ಅದನ್ನು ಕಂಡರು.

ಆರು ತಿಂಗಳ ಮೇಲೆ ಅಚ್ಚಾದ ವರದಿ ಬಂತು. ಅದರೊಳಗಿನ ಫೋಟೋದಲ್ಲಿ ಅವ್ವನ ಕೈಗಳು ಮಸಿ ಬಳಿದಂತಿದ್ದವು. ಆಗಿನ ಫೋಟೋಗಳಲ್ಲಿ ಹಳದಿ ಕಪ್ಪಾಗಿಯೇ ಬರುತ್ತಿತ್ತು ಎಂದು ಹುಬ್ಬಳ್ಳಿಯ ಫೋಟೋದವರೊಬ್ಬರು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು. ಕೆಳಗಿನ ಇಂಗ್ಲಿಷ್ ಸಾಲು ನನಗಿದ್ದ ಅಷ್ಟಿಷ್ಟು ಇಂಗ್ಲಿಷಿಗೂ ಅರ್ಥವಾಯಿತು. ನಮ್ಮ ಸಾಲೆ ಬರುವ ಮುಂಚೆ ತಾಯಂದಿರು ಇಂಥ ಹೊಲಸು ಕೈಗಳಲ್ಲಿ ಸಾಯುತ್ತಿದ್ದರು ಎಂದಿತ್ತು. ಎದುರು ಪುಟದಲ್ಲಿ ಬಿಳಿ ಸೀರೆ ಉಟ್ಟು, ಬಿಲ್ಲೆ ಚುಚ್ಚಿಕೊಂಡು ನಿಂತ ನಾವು. ಕೂಸು ತಿರುಗಿಸುವ ಕ್ರಮ, ನಾನು ಬರೆದುಕೊಟ್ಟ ಹಾಗೆಯೇ, ವಿಭಾಗದ ಸಂಶೋಧನೆ ಎಂದು ಅಚ್ಚಾಗಿತ್ತು.

"ಬಾಯಾರ, ಅವ್ವ ಕೈ ತೊಳದಿದ್ಲಲ್ರಿ," ಎಂದೆ.

"ನನಗೆ ಗೊತ್ತು. ಆದರೆ ಸಾಲೆ ಬರುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಸಂಘಕ್ಕೆ ತೋರಿಸಬೇಕಾಗುತ್ತದೆ. ಸಾಲೆ ಉಳಿಯಿತಲ್ಲವೇ?"

ಉಳಿದಿತ್ತು. ನನ್ನ ಬಿಲ್ಲೆಯೂ ಉಳಿದಿತ್ತು.

ವರದಿಯನ್ನು ಊರಿಗೆ ಒಯ್ದೆ. ಅವ್ವ ಫೋಟೋದ ಮೇಲೆ ಬೆರಳಾಡಿಸಿದಳು.

"ಕೈ ಯಾಕ ಇಷ್ಟು ಕರ್ರಗ ಅದಾವು?"

"ಫೋಟೋದಾಗ ಹಂಗ ಬರತೈತಿ."

"ಕೆಳಗ ಏನ್ ಬರದಾರ? ಓದವಾ."

"ಈಕಿ ನಮ್ಮ ಗುರು, ಅಂತ ಬರದಾರವ್ವಾ."

"ಬಿಲ್ಲಿ?"

"ಬರತೈತಿ. ದೂರಿಂದ ಬರಬೇಕಲ್ಲ."

"ಹಡಗದಾಗ ಬರಾಕತ್ತೈತಿ ನನ್ನ ಬಿಲ್ಲಿ" ಎಂದು ಅವಳು ಓಣಿಗೆಲ್ಲ ಆ ಪುಟ ತೋರಿಸಿ ಬಂದಳು.

ಮರುವರ್ಷ ಧಾರವಾಡದ ಸಪ್ತಾಪುರದ ಒಂದು ಮನೆಯಲ್ಲಿ ಕೂಸು ಅಡ್ಡಾಯಿತು. ನಮ್ಮ ಯಾರ ಕೈಯೂ ನಡೆಯಲಿಲ್ಲ. ಬಾಯಾರು ಟಾಂಗಾ ಕಳಿಸಿ ಅವ್ವನನ್ನು ಕರೆಸಿದರು. ಅವಳು ಹೊಸ್ತಿಲ ಆಚೆಯೇ ನಿಂತು ಕೈ ಚಾಚಿದಳು.

"ನೋಡ್ಕೋರಿ ಬಾಯಾರ, ಹೊಲಸ ಕೈ ಅದಾವು. ಒಳಗ ಬರಲ್ಯೋ, ಹೊಳ್ಳಿ ಹೋಗಲ್ಯೋ?"

ಬಾಯಾರ ಮುಖ ಕೆಂಪಾಯಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವ್ವನ ಹತ್ತಿರ ಕಲಿತ ಹುಡುಗಿಯೊಬ್ಬಳು ಹೆಬ್ಬಳ್ಳಿಗೆ ಹೋದಾಗ ಫೋಟೋದ ಕೆಳಗಿನ ಆ ಸಾಲನ್ನು ಇದ್ದಂತೆ ಓದಿ ಹೇಳಿದ್ದಳೆಂದು ನನಗೆ ಆಮೇಲೆ ತಿಳಿಯಿತು. ನಾನು ಬಿಸಿನೀರು ತಂದಿಟ್ಟೆ. ಅವ್ವ ಕೈ ತೊಳೆದಳು, ಅರಿಷಿಣ ಹಚ್ಚಿಕೊಂಡಳು, ನನ್ನ ಕಡೆ ನೋಡಲಿಲ್ಲ. ಮಧ್ಯಾಹ್ನದೊಳಗೆ ಕೂಸು ಅತ್ತಿತು.

ಟಾಂಗಾ ಹತ್ತುವಾಗ "ಅವ್ವಾ" ಎಂದೆ.

"ಅವರು ಮಂದಿ. ಮಂದಿ ಏನರ ಬರೀಲಿ. ನೀ ನನ್ನ ಮುಂದ ಕುಂತು ಓದಿದ್ಯಲ್ಲ," ಎಂದಳು. ಅಷ್ಟೇ.

ಮೊದಲ ಮಹಾಯುದ್ಧ ಶುರುವಾದ ವರ್ಷ ನನ್ನನ್ನು ಗದಗಿನ ದವಾಖಾನೆಗೆ ಹಾಕಿದರು. ಅಲ್ಲಿಂದ ನಾನು ಬರೆದ ಕಾಗದಗಳನ್ನು ಅವ್ವ ಅಂಚೆಯವನಿಂದ ಓದಿಸಿಕೊಳ್ಳುತ್ತಿದ್ದಳು. ಊರಿಗೆ ಹೋದರೆ ಎಂದಿನಂತೆ ರೊಟ್ಟಿ ಬಡಿದು ಹಾಕುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಓದಲು ಮಾತ್ರ ಏನನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ. ಹೋದ ತಿಂಗಳು, ಏಳಲಾರದೆ ಮಲಗಿದ್ದಾಗ, ದವಾಖಾನೆಯ ಚೀಟಿಯನ್ನು ಪಕ್ಕದ ಮನೆಯ ಸೊಸೆಯತ್ತ ಚಾಚಿದಳು.

"ಏನ್ ಬರದಾರ, ಖರೇ ಖರೇ ಓದವಾ."

ನಾನು ಅವಳ ತಲೆದೆಸೆಯಲ್ಲೇ ಕೂತಿದ್ದೆ.