ಏಳನೇ ನಿಲ್ದಾಣದ ಶೀನಣ್ಣ

ಶೀನಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕುಂದಾಪುರದ ಹಳೆ ಧಕ್ಕೆಯಿಂದ, ಅಂದರೆ ದೋಣಿಗಟ್ಟೆಯಿಂದ, ಮೂವತ್ತೈದು ವರ್ಷ ದೋಣಿಯಲ್ಲಿ ಜನ ದಾಟಿಸಿದ ದನಿ ಅದು. ಆಚೆ ದಡದಲ್ಲಿ ನಿಂತವರನ್ನು "ಹ್ವಾಯ್, ಬತ್ರಿಯಾ?" ಎಂದು ಈಚೆಯಿಂದಲೇ ವಿಚಾರಿಸಿ, ಅವರು ಕೈ ಎತ್ತಿದ ಮೇಲೆಯೇ ಹುಟ್ಟು ಹಾಕುತ್ತಿದ್ದರು. ಸೇತುವೆ ಬಂದು, ಬಸ್ಸು ಹೆಚ್ಚಿ, ದೋಣಿ ದಡದಲ್ಲೇ ಮಗುಚಿಕೊಂಡು ಮಲಗಿದ ಮೇಲೂ ದನಿ ಮಾತ್ರ ಇಳಿಯಲಿಲ್ಲ. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದರೂ ಇಡೀ ಬೀದಿ ತಿರುಗಿ ನೋಡಬೇಕು. "ಇವ್ರ್ ಗುಟ್ಟ್ ಹೇಳ್ರೂ ಹೊಳಿಯಾಚೆ ಗಂಗೊಳ್ಳಿಗೆ ಕೇಣತ್ತ್" ಎಂದು ಹೆಂಡತಿ ಚಂದಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದರು. ಗುಲ್ವಾಡಿಯ ತವರಿಗೆ ಹೋದಾಗಲಾದರೂ ಸ್ವಲ್ಪ ತಗ್ಗಿ ಮಾತಾಡಿ ಎಂದು ಆಕೆ ಗೋಗರೆದದ್ದು ಒಂದೆರಡು ಸಲವಲ್ಲ.

ನಾನು ಅಮ್ಮನ ಸೆರಗು ಹಿಡಿದು ಅವರ ದೋಣಿಯಲ್ಲಿ ದಾಟಿದವಳು. ಹತ್ತುವಾಗ ತಲೆ ಎಣಿಸುವುದು, ಇಳಿಯುವಾಗ ಒಬ್ಬೊಬ್ಬರ ಹೆಗಲು ಮುಟ್ಟಿ ಮತ್ತೆ ಎಣಿಸುವುದು ಅವರ ಕ್ರಮ. ಪಟೇಲರಾದರೂ ಅಷ್ಟೇ, ಮೀನು ಮಾರುವ ಹೆಂಗಸಾದರೂ ಅಷ್ಟೇ, ಹೆಗಲು ಮುಟ್ಟಿಸಿಕೊಳ್ಳದೆ ದಡ ಹತ್ತುವಂತಿಲ್ಲ. ಯಾರಾದರೂ ಅವಸರಪಟ್ಟರೆ, "ಹತ್ತ್ಸ್‌ದವನೇ ಇಳ್ಸ್ಕ್ ಮಾರಾಯ್ರೆ, ನನ್ ಕೆಲ್ಸ ಮುಗೀಲಿ" ಎನ್ನುತ್ತಿದ್ದರು. ಅವರ ದೋಣಿಯಿಂದ ಒಬ್ಬರೂ ನೀರಿಗೆ ಬಿದ್ದು ಹೋದದ್ದಿಲ್ಲ. ಇದನ್ನು ಅವರು ಹೇಳಿಕೊಂಡು ತಿರುಗಿದವರಲ್ಲ, ಊರು ಹೇಳುತ್ತಿತ್ತು.

ಕ್ಯಾಲೆಂಡರ್ ನೋಡದೆ ಅವರಿಗೆ ತಿಥಿ ಗೊತ್ತಾಗುತ್ತಿತ್ತು. ಬೆಳಿಗ್ಗೆ ಧಕ್ಕೆಯ ಮೆಟ್ಟಿಲ ಮೇಲೆ ನಿಂತು, "ಇವತ್ತ್ ನವಮಿ, ನೀರ್ ಮಲ್ಕಂಡಿತ್ತ್" ಎಂದರೆ ನವಮಿಯೇ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾತ್ರ ಮುಖ ಬಿಗಿಯುತ್ತಿತ್ತು. ನಮ್ಮ ಕಡೆ ಆ ದಿನಗಳಲ್ಲಿ ದೊಡ್ಡ ಭರತ, ಕಡಲ ನೀರಿನ ಉಬ್ಬರ, ಬರುವುದು ಮಧ್ಯಾಹ್ನದ ಹೊತ್ತಿಗೇ. ಹನ್ನೊಂದು ಗಂಟೆಗೆ ನೀರು ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತದೆ, ಮೇಲೆ ಬಿಸಿಲು ಬೇರೆ ಚೆನ್ನಾಗಿರುತ್ತದೆ. "ಅಮಾಸಿ ನೀರಿಗೆ ಗುರ್ತ ಪರಿಚಯ ಇಲ್ಲ" ಎನ್ನುವುದು ಅವರ ಮಾತು. ಆ ಮಾತು ಹೇಳುವಾಗ ಅವರು ನದಿಗೆ ಬೆನ್ನು ಹಾಕಿ ನಿಂತದ್ದನ್ನು ನಾನು ನೋಡಿಲ್ಲ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ, ನಮ್ಮ ಹಳೆ ಪೇಟೆಯನ್ನು ಹೊರಗಿನವರಿಗೆ ತೋರಿಸಬೇಕು ಎಂಬ ಹುಚ್ಚು ಹತ್ತಿತು. ಮಣಿಪಾಲದ ಗೆಳತಿಯೊಬ್ಬಳು ಆ್ಯಪ್ ಮಾಡಿಕೊಡುತ್ತೇನೆಂದಳು. ಬಂದವರು ಫೋನಿಗೆ ಇಳಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಮ್ಮ ಪಾಡಿಗೆ ತಾವು ನಡೆಯುವುದು. ಪ್ರತಿ ನಿಲ್ದಾಣದಲ್ಲಿ ಒಂದು ದನಿ ಅಲ್ಲಿಯ ಕತೆ ಹೇಳಿ ಮುಂದಿನ ದಾರಿ ತೋರಿಸುತ್ತದೆ. ಒಟ್ಟು ಎಂಟು ನಿಲ್ದಾಣ. ಹಂಚಿನ ಮಾಡಿನ ಗೋದಾಮು, ಬೆಲ್ಲದ ಅಂಗಡಿಗಳಿದ್ದ ಓಣಿ, ಹಡಗಿನವರು ಉಳಿಯುತ್ತಿದ್ದ ಮಾಳಿಗೆ ಹೀಗೆ ಸಾಗಿ ಏಳನೆಯದು ಹಳೆ ಧಕ್ಕೆಯ ಮೆಟ್ಟಿಲು. ದನಿ ಯಾರದು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ.

ಮೈಕನ್ನು ಅಂಗಿಯ ಗುಂಡಿಯ ಹತ್ತಿರ ಸಿಕ್ಕಿಸಿದೆ. ಶೀನಣ್ಣ ಕತ್ತು ಬಗ್ಗಿಸಿ ಎದೆಯ ಮೇಲಿನ ಕೂಸಿಗೆ ಹೇಳಿದ ಹಾಗೆ ಅದಕ್ಕೆ ಹೇಳತೊಡಗಿದರು. ದಾರಿಯಲ್ಲಿ ಸಿಕ್ಕವರೆಲ್ಲ, "ಎಂತ ಶೀನಣ್ಣ, ಅಂಗಿ ಹತ್ರ ಮಾತಾಡ್ತ್ರಿ?" ಎಂದು ಛೇಡಿಸುವುದು, ಇವರು ಗದರಿಸುವುದು, ಅದನ್ನೆಲ್ಲ ನಾನು ಆಮೇಲೆ ಕತ್ತರಿಸುವುದು. ಮೂರು ಬೆಳಗು ಹೀಗೆ ಹೋಯಿತು. ಧಕ್ಕೆಗೆ ಬಂದದ್ದು ಅಷ್ಟಮಿಯ ದಿನ. ಹನ್ನೊಂದು ಗಂಟೆಯಾದರೂ ನೀರು ಕೆಳಗೇ ಇತ್ತು, ಎಂಟು ಮೆಟ್ಟಿಲು ಒಣಗಿ ಕಾಣುತ್ತಿದ್ದವು.

"ಈಗ ಎಂಟ್ ಮೆಟ್ಲ್ ಇಳ್ಕಂಡ್ ಬನ್ನಿ" ಎಂದರು ಶೀನಣ್ಣ, ಮೈಕಿಗೆ. "ಹೆದ್ರುದ್ ಎಂತ ಇಲ್ಲ. ಇಲ್ಲ್ ನಿತ್ಕಂಡ್ ಕಣ್ಣ್ ಮುಚ್ಚಿ. ಹೊಳಿ ಎಂತ ಹೇಳತ್ತ್ ಕೇಣಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಮುಂದುವರಿಸಿದರು. "ಅಮಾಸಿ, ಹುಣ್ಮಿ, ಅದ್ರ್ ಹಿಂದ್ ಮುಂದ್ ಎರ್ಡ್ ದಿನ ಇಲ್ಲ್ ಇಳೂಕಾಗ. ಎಂಟನೇ ಮೆಟ್ಲ್ ಆಚೆ ಕಲ್ಲ್ ಕುಸ್ದಿತ್ತ್, ಗುಂಡಿ. ನೀರ್ ಹತ್ತದ್ ಮೇಲೆ ಗುಂಡಿ ಕಾಂತಿಲ್ಲ." ಆಮೇಲೆ ಆ ಗುಂಡಿಗೆ ಹೋದ ನಾಲ್ವರನ್ನು ಹೆಸರು ಹಿಡಿದು, ಯಾರ ಮಗ, ಯಾವ ಬಣ್ಣದ ಅಂಗಿ ಹಾಕಿದ್ದ, ಎಷ್ಟನೇ ದಿನ ಎಲ್ಲಿ ಸಿಕ್ಕಿದ ಎಂದು ಹೇಳಿದರು. ನಾಲ್ಕು ನಿಮಿಷ.

ಊರು ನೋಡಲು ಬಂದವರಿಗೆ ಹೆಣಗಳ ಸುದ್ದಿ ಏಕೆ ಎಂದು ನಾನು ಆ ನಾಲ್ಕು ನಿಮಿಷವನ್ನೂ ತೆಗೆದೆ. ಆ ದಿನಗಳಲ್ಲಿ ಇಳಿಯಬಾರದು ಎಂಬ ಎಚ್ಚರಿಕೆಯ ಎರಡು ಮಾತನ್ನಾದರೂ ಉಳಿಸಬಹುದಿತ್ತು. "ಹೊಳೆ ಏನು ಹೇಳುತ್ತದೆ ಕೇಳಿ" ಎಂಬುದರ ಮೇಲೆಯೇ ಮುಗಿದರೆ ಬಲು ಚಂದ ಎನ್ನಿಸಿ ಅದನ್ನೂ ಬಿಟ್ಟೆ. ಫೋನಿನಲ್ಲಿ ಜಾಗ ಸಾಲದೆ ಮೂಲ ರೆಕಾರ್ಡನ್ನು ಅಳಿಸಿಹಾಕಿದೆ. ವಾರ ಕಳೆದು ಪೇಟೆಯಲ್ಲಿ ಸಿಕ್ಕ ಶೀನಣ್ಣ, "ಅಮಾಸಿದ್ ಹಾಕಿದ್ರ್ಯಾ ಟೀಚ್ರೇ?" ಎಂದು ಕೇಳಿದರು. "ಹಾಕಿದೆ ಶೀನಣ್ಣ" ಎಂದೆ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಕೇಳಿ ನೋಡುವ ದಾರಿ ಅವರಿಗಿಲ್ಲ ಎಂದು ನನಗೆ ಗೊತ್ತಿತ್ತು.

ನಡಿಗೆ ಹೆಸರು ಮಾಡಿತು. ಏಳನೇ ನಿಲ್ದಾಣವನ್ನಂತೂ ಹೊಗಳದವರಿಲ್ಲ. ಕಣ್ಣಲ್ಲಿ ನೀರು ಬಂತು ಎಂದು ಬೈಂದೂರಿನಿಂದ ಒಬ್ಬರು ಬರೆದರು. ನಾನು ಆ ಸಂದೇಶಗಳನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತಿದ್ದೆ.

ಒಂದು ಹುಣ್ಣಿಮೆಯ ಮರುದಿನ ಶೀನಣ್ಣ ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಅವರು ಅಲ್ಲಿಗೆ ಬಂದವರೇ ಅಲ್ಲ. ಹಿಂದಿನ ದಿನ ಮಧ್ಯಾಹ್ನ ಧಕ್ಕೆಯಲ್ಲಿ ನಡೆದದ್ದನ್ನು ಹೇಳಿದರು. ಹೊರಗಿನ ಹೆಂಗಸೊಬ್ಬಳು ಮೆಟ್ಟಿಲು ಇಳಿಯುತ್ತಿದ್ದಳು. ಕೆಳಗಿನ ಮೂರು ಮೆಟ್ಟಿಲು ಆಗಲೇ ನೀರಿನಲ್ಲಿ. ಇವರು ಕೂಗಿದರು. ಆಕೆ ತಿರುಗಲಿಲ್ಲ. ಓಡಿ ಹೋಗಿ ತೋಳು ಹಿಡಿದು ಎಳೆದರು. ಆಕೆ ಕಿರುಚಿದಳು, ಜನ ಸೇರಿದರು, ಈ ವಯಸ್ಸಿನಲ್ಲಿ ಇದೆಂಥ ಬುದ್ಧಿ ಎಂದು ಯಾರೋ ಪರವೂರಿನವನು ಅವರ ಅಂಗಿ ಹಿಡಿದ. ಆ ಗಲಾಟೆಯಲ್ಲಿ ಆಕೆಯ ಕಿವಿಯಿಂದ ಜಾರಿ ನೇತಾಡುತ್ತಿದ್ದ ಇಯರ್‌ಫೋನನ್ನು ಶೀನಣ್ಣ ತಮ್ಮ ಕಿವಿಗಿಟ್ಟುಕೊಂಡರು.

"ಆ ಹೆಣ್ಣಿಗೆ ನಾನ್ ಕೂಗದ್ದ್ ಹ್ಯಾಂಗ್ ಕೇಣತ್ತ್ ಟೀಚ್ರೇ? ಅದ್ರ್ ಕಿವಿಯೊಳ್ಗೆ ನಾನೇ ಬನ್ನಿ ಬನ್ನಿ ಅಂತಿದ್ದೆ." ಸ್ವಲ್ಪ ಹೊತ್ತು ಗೇಟಿನ ಸರಳು ನೋಡಿದರು. "ಕಡೀ ತನ್ಕ ಕೇಂಡೆ. ನಾನ್ ಹೇಳದ್ದ್ ಎಲ್ಲ್ ಹೋಯ್ತ್?"

ಇಷ್ಟನ್ನೂ ಅವರು ಮೆಲ್ಲಗೆ ಹೇಳಿದರು.

"ಉದ್ದ ಆಯ್ತ್ ಅಂದೇಳಿ ತೆಗ್ದೆ ಶೀನಣ್ಣ. ಸರಿ ಮಾಡ್ತೆ."

"ಇವತ್ತೇ ಮಾಡಿ. ಆಪುದಿಲ್ದಿರೆ ನನ್ ದನಿ ತೆಗ್ದ್ ಬಿಡಿ. ಜನ ಹತ್ತ್ಸುಕೆ ನನ್ನ್ ಇಟ್ಕಂಡ್, ಇಳ್ಸುಕೆ ಯಾರೂ ಇಲ್ದಿರೆ ಹ್ಯಾಂಗೆ?"

ಆ ನಿಲ್ದಾಣವನ್ನು ಮುಚ್ಚುವುದು ಐದು ನಿಮಿಷದ ಕೆಲಸ ಎಂದು ಗೆಳತಿ ಹೇಳಿದಳು. ನಾನು ಮುಚ್ಚಿಸಲಿಲ್ಲ. ಪರೀಕ್ಷೆ ಇತ್ತು, ಹೊಸದಾಗಿ ರೆಕಾರ್ಡ್ ಮಾಡಬೇಕಿತ್ತು, ಎಂದೆಲ್ಲ ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೆಂದರೆ ಏಳನೆಯದಿಲ್ಲದೆ ಆ ನಡಿಗೆಯಲ್ಲಿ ಏನೂ ಉಳಿಯುತ್ತಿರಲಿಲ್ಲ, ಮತ್ತು ಅದರ ಕೆಳಗೆ ನನ್ನ ಹೆಸರಿತ್ತು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶೀನಣ್ಣ ನನ್ನನ್ನು ಮತ್ತೆ ಕೇಳಲಿಲ್ಲ. ಭಾನುವಾರ ಬಂದ ಒಂದು ಅಮಾವಾಸ್ಯೆಗೆ ಆ ಕಡೆ ಹೋದಾಗ ನೋಡಿದೆ. ಮೇಲಿನ ಮೆಟ್ಟಿಲಿನ ಮೇಲೆ ಕುಳಿತು, ಹಳೆಯ ಹುಟ್ಟನ್ನು ಅಡ್ಡ ಇಟ್ಟುಕೊಂಡಿದ್ದರು. ಅಮಾವಾಸ್ಯೆ, ಹುಣ್ಣಿಮೆ, ಹಿಂದೆ ಮುಂದೆ ಎರಡು ದಿನ, ಹತ್ತರಿಂದ ಎರಡರವರೆಗೆ ಇದೇ ಕೆಲಸವಂತೆ. ಮಳೆ ಹಿಡಿದಿತ್ತು. ಕೊಡೆಯ ಒಂದು ಕಡ್ಡಿ ಮುರಿದು ಅವರ ಎಡ ಹೆಗಲು ಪೂರ್ತಿ ಒದ್ದೆಯಾಗಿತ್ತು.

"ಮನಿಗ್ ಹೋಯ್ನಿ ಶೀನಣ್ಣ, ಈ ಮಳ್ಯಾಗೆ ಯಾರ್ ಬತ್ರ್?" ಎಂದೆ.

"ಅದೇ ಗೊತ್ತಿಲ್ಲ ಅಲ್ದಾ" ಎಂದರು. "ದೋಣಿಯಾರೆ ಲೆಕ್ಕ ಸಿಕ್ಕತ್ತ್. ಇದ್ರಲ್ಲ್ ನಾನ್ ಯಾರ್‌ಯಾರನ್ನ್ ಕರ್ದಿದೆ ಅಂದೇಳಿ ನಂಗೇ ಗೊತ್ತಿಲ್ಲ."

ಆಷಾಢದಲ್ಲಿ ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಯಿತು. ಆಸ್ಪತ್ರೆಗೆ ಹೋದಾಗ ಬಾಯಿ ಒಂದು ಪಕ್ಕಕ್ಕೆ ವಾಲಿತ್ತು. ನನ್ನನ್ನು ಕಂಡು ಎಡಗೈಯಿಂದ ನನ್ನ ಫೋನಿನ ಕಡೆ ತೋರಿಸಿದರು. ಎಚ್ಚರಿಕೆಯನ್ನು ನಾನು ನನ್ನ ದನಿಯಲ್ಲೇ ಹೇಳಿ ಸೇರಿಸುತ್ತೇನೆಂದೆ. ಅವರು ತಲೆ ಆಡಿಸಿ ಬೇಡವೆಂದರು. ಚಂದಕ್ಕ ಅವರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, "ಕರ್ದದ್ದ್ ಇವ್ರ್ ದನಿ ಅಂಬ್ರ್ ಟೀಚ್ರೇ. ಬ್ಯಾಡ ಅಂಬುದೂ ಇವ್ರ್ ದನಿಯೇ ಆಯ್ಕ್ ಅಂಬ್ರ್" ಎಂದರು. ಮೂರು ಸಲ ರೆಕಾರ್ಡ್ ಮಾಡಿದೆ. ಅಮಾಸಿ, ಹುಣ್ಮಿ, ಇಳೂಕಾಗ. ಮೂರೇ ಶಬ್ದ. ಮೇಲೆ ಫ್ಯಾನಿನ ಕಟಕಟ. ಮುಗಿದ ಮೇಲೆ ಅವರು ಎಡಗೈ ಚಾಚಿ ನನ್ನ ಹೆಗಲು ಮುಟ್ಟಿದರು. ಅದೇ ಕೊನೆಯ ಭೇಟಿ. ವಾರದೊಳಗೆ ಹೋದರು.

ಆಸ್ಪತ್ರೆಯಿಂದ ಬಂದ ರಾತ್ರಿಯೇ ಆ ಮೂರು ಶಬ್ದಗಳನ್ನು ಏಳನೇ ನಿಲ್ದಾಣದ ಕೊನೆಗೆ ಸೇರಿಸಿದೆವು. ಅವರ ಇಚ್ಛೆ ನಡೆಯಿತು ಎಂದು ನನಗೆ ಸ್ವಲ್ಪ ಸಮಾಧಾನವೂ ಆಗಿತ್ತು.

ಮಳೆ ಬಿಟ್ಟ ಮೇಲಿನ ಹುಣ್ಣಿಮೆಗೆ ಶಾಲೆಗೆ ರಜೆ. ಹನ್ನೊಂದರ ಹೊತ್ತಿಗೆ ಧಕ್ಕೆಗೆ ಹೋದೆ. ಬ್ರಹ್ಮಾವರದ ಒಬ್ಬ ಹುಡುಗ, ಅವನ ಹೆಂಡತಿ, ಇಬ್ಬರೂ ಒಂದೊಂದು ಕಿವಿಗೆ ಇಯರ್‌ಫೋನ್ ಹಂಚಿಕೊಂಡು ನಾಲ್ಕನೇ ಮೆಟ್ಟಿಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಸರಿ, ಇನ್ನು ಎಚ್ಚರಿಕೆ ಬರುತ್ತದೆ, ವಾಪಸ್ಸು ಹತ್ತುತ್ತಾರೆ ಎಂದು ನಾನು ಮೇಲೆಯೇ ನಿಂತೆ. ರಸ್ತೆಯಲ್ಲಿ ಮೀನಿನ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ಹುಡುಗ ಮುಖ ಕಿವುಚಿದ, ಅಂಗೈಯಿಂದ ಕಿವಿ ಒತ್ತಿಕೊಂಡ, ಅವಳ ಕಿವಿಯದನ್ನೂ ತೆಗೆದು ಇನ್ನೊಂದು ಕಿವಿಗೆ ಹಾಕಿಕೊಂಡ. ಆಮೇಲೆ ಗಲಾಟೆಯಿಂದ ದೂರ, ಕೆಳಕ್ಕೆ, ನೀರೊಳಗಿನ ಮೆಟ್ಟಿಲಿಗೆ ಕಾಲಿಟ್ಟ. ಇನ್ನೊಂದು ಮೆಟ್ಟಿಲು. ಮತ್ತೊಂದು.

ನಾನು ಕೂಗಿದೆ. ನನ್ನದು ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ದನಿ, ಅಷ್ಟೇ. ಓಡಿದೆ. ಅವನ ಅಂಗಿಯ ಕಾಲರ್ ಕೈಗೆ ಸಿಕ್ಕಾಗ ಅವನ ಒಂದು ಕಾಲು ಆಗಲೇ ಕಲ್ಲಿಲ್ಲದ ಕಡೆ ಜಾರಿತ್ತು. ಅವನ ಹೆಂಡತಿಯೂ ಹಿಡಿದೆಳೆದು, ಮೂವರೂ ಸೊಂಟದವರೆಗೆ ಒದ್ದೆಯಾಗಿ ಮೇಲೆ ಬಂದು ಬಿದ್ದೆವು.

"ಕಡೀಗ್ ಹೇಳದ್ದ್ ಕೇಣ್ಲಿಲ್ಯಾ?" ಎಂದು ಏದುಸಿರಿನಲ್ಲೇ ಕೇಳಿದೆ.

"ಕಡೀಗ್ ಬೇರೆ ಯಾರೋ ಅಜ್ಜ ಎಂತದೋ ಅಂತ್ರ್" ಎಂದ ಹುಡುಗ, ಹಲ್ಲು ಕಟಕಟಿಸುತ್ತ. "ಸಮ ಕೇಣ್ತಿಲ್ಲ ಅಂದೇಳಿಯೇ ಕೆಳಗ್ ಹೋದೆ."

ಬೇರೆ ಯಾರೋ ಅಜ್ಜ. ಅಲ್ಲಿಯೇ, ಒದ್ದೆ ಸೀರೆಯಲ್ಲಿ ಕುಳಿತು ಗೆಳತಿಗೆ ಫೋನ್ ಮಾಡಿದೆ. ಏಳನೆಯದೊಂದೇ ಅಲ್ಲ, ಎಂಟೂ ನಿಲ್ದಾಣ ತೆಗೆದುಬಿಡು, ನಿನ್ನ ಹತ್ತಿರವೂ ಒಂದು ಚೂರು ಇಟ್ಟುಕೊಳ್ಳಬೇಡ, ನನ್ನದನ್ನು ನಾನೇ ಅಳಿಸುತ್ತೇನೆ ಎಂದೆ. ಅವಳು ತೆಗೆದಳು. ಆದರೆ ಈಗಾಗಲೇ ಇಳಿಸಿಕೊಂಡವರ ಫೋನಿನಿಂದ ತೆಗೆಯಲು ಬರುವುದಿಲ್ಲ, ಹಾಗೆ ಎಷ್ಟು ಜನರ ಹತ್ತಿರ ಇದೆಯೋ ಹೇಳಲಾಗದು ಎಂದಳು.

ನಿನ್ನೆ ಚಂದಕ್ಕ ಮನೆಗೆ ಬಂದಿದ್ದರು. ಶೀನಣ್ಣನ ದನಿ ಒಂದು ಸಲ ಕೇಳಿಸಿ ಎಂದರು. ಇಲ್ಲ ಚಂದಕ್ಕ, ಎಲ್ಲ ಅಳಿಸಿಬಿಟ್ಟೆ ಎಂದೆ. "ಎಲ್ಲಾ ಬದಿಯಿಂದ್ಲೂ ಹೋಯ್ತಾ ಟೀಚ್ರೇ?" ಎಂದು ಕೇಳಿದರು.

ಇಳಿಸಿಕೊಂಡವರ ಫೋನುಗಳ ಮಾತೆತ್ತದೆ ಹೌದು ಎಂದೆ. ನಾಡಿದ್ದು ಅಮಾವಾಸ್ಯೆ.